ಮಾನ್ವಿ-ದೇವದುರ್ಗ ಸೀಮೆಯ ಸುಳಾದಿಗಳೂ ಶ್ರೋತೃಗಳ ಸಂಗೀತಜ್ಞಾನವೂ

ಹರಿದಾಸ ಸಾಹಿತ್ಯದ ಎರಡನೆಯ ಘಟ್ಟವು ಇಂದಿನ ರಾಯಚೂರು ಜಿಲ್ಲೆಗೆ ಬಹುಮಟ್ಟಿಗೆ ಋಣಿಯಾಗಿದೆ. ವಿಜಯದಾಸರು (1682–1755) ಮಾನ್ವಿ ತಾಲ್ಲೂಕಿನ ಚೀಕಲಪರವಿಯವರು. ಅವರ ಶಿಷ್ಯರಾದ ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮಸರಕಲ್ಲಿನವರು. ಗೋಪಾಲದಾಸರಿಂದ ಅನುಗೃಹೀತರಾದ ಜಗನ್ನಾಥದಾಸರು ಬ್ಯಾಗವಾಟದಲ್ಲಿ ಜನಿಸಿ, ಮಾನ್ವಿಯಲ್ಲಿ ನೆಲಸಿ, 1809ರಲ್ಲಿ ದಿವಂಗತರಾದರು. ಇವರ ಕೃತಿಗಳನ್ನು ಮತದೃಷ್ಟಿಯಿಂದಲೂ ಕಾವ್ಯದೃಷ್ಟಿಯಿಂದಲೂ ವಿಮರ್ಶಿಸಿದವರು ಅನೇಕರು. ಶಾಸ್ತ್ರೀಯಸಂಗೀತವನ್ನು ಜನಸಾಮಾನ್ಯರ ಕಿವಿಗೆ ಪರಿಚಯಿಸಿದ ಸಾಧನವೆಂಬ ದೃಷ್ಟಿಯಿಂದಲೂ ಸುಳಾದಿಯನ್ನು ವಿಚಾರಿಸುವುದು ಆವಶ್ಯಕವಾಗಿದೆ.

ಕೀರ್ತನೆಯಲ್ಲಿ ಸಾಮಾನ್ಯವಾಗಿ ತಾಳವೊಂದೇ. ಸುಳಾದಿಯಲ್ಲಾದರೋ ನುಡಿನುಡಿಗೂ ತಾಳವು ಬದಲಾಗುವುದು. ವಿಜಯದಾಸರ ಸುಳಾದಿಗಳಲ್ಲಿ ಧ್ರುವ, ಮಟ್ಟ, ತ್ರಿಪುಟ, ಅಟ್ಟ, ಆದಿ ಎಂಬ ಕ್ರಮವು ಬಹುವಾಗಿ ಕಂಡುಬಂದು, ಕಡೆಯಲ್ಲಿ ‘ಜತೆ’ಯಿಂದ ಮುಕ್ತಾಯವಾಗುವುದು. ಈಗಿನ ರೂಢಿಯ ಗಣನೆಯಂತೆ ಇವಕ್ಕೆ ಅನುಕ್ರಮವಾಗಿ 14, 10, 7, 14, 8 ಅಕ್ಷರಕಾಲಗಳು. ಧ್ರುವಕ್ಕೂ ಅಟ್ಟಕ್ಕೂ ಮೊತ್ತವು ಒಂದೇ. ಆದರೆ ಮೊದಲನೆಯದು 4+2+4+4 ಎಂದೂ, ಎರಡನೆಯದು 5+5+2+2 ಎಂದೂ ಒಡೆಯುವುದರಿಂದ ನಡೆಯು ಬೇರೆಯಾಗುತ್ತದೆ. ಈ ಭೇದವನ್ನು ಲಕ್ಷಣಗ್ರಂಥದಿಂದ ಗ್ರಹಿಸುವುದು ಕಷ್ಟ. ಒಂದೇ ವಿಷಯವನ್ನು ನಿರೂಪಿಸುವ ಒಂದೇ ಹಾಡಿನಲ್ಲಿ ಇವನ್ನು ಒಂದರ ಹಿಂದೊಂದು ಕೇಳಿ, ಕೈಯಿಂದ ತಾಳ ಹಾಕಿದವನಿಗೆ ಅದು ತಾನಾಗಿಯೇ ವೇದ್ಯವಾಗುವುದು. ಓದುಬರಹವಿಲ್ಲದವನಿಗೂ ಈ ಮಾರ್ಗವು ತೆರೆದಿದ್ದಿತೆಂಬುದು ಗಮನಾರ್ಹ.

ದಾಸರ ಉದ್ದೇಶವು ತತ್ತ್ವಬೋಧೆಯೇ ಹೊರತು ಸಂಗೀತಬೋಧೆಯಲ್ಲವೆಂಬ ಆಕ್ಷೇಪಕ್ಕೆ ಅವಕಾಶವುಂಟು. ಅದು ನ್ಯಾಯವಾದುದೇ. ಆದರೂ ಸುಳಾದಿಯು ಶಾಸ್ತ್ರಜ್ಞರಿಂದ ಲಕ್ಷ್ಯವೆಂದು ಮನ್ನಣೆ ಪಡೆದಿದ್ದಿತು. ವಿಜಯದಾಸರ ಸಮಕಾಲೀನನಾದ ತಂಜಾವೂರಿನ ತುಳಜ ಮಹಾರಾಜನು (ಆಳ್ವಿಕೆ 1728–36) ತನ್ನ ‘ಸಂಗೀತಸಾರಾಮೃತ’ದಲ್ಲಿ ರಾಗಲಕ್ಷಣಗಳಿಗೆ ಪುರಂದರದಾಸರ ಸುಳಾದಿಗಳನ್ನು ಉದಾಹರಿಸಿದ್ದಾನೆ. ಉದ್ದೇಶವು ಬೇರೆಯಾದರೂ ಫಲವು ಎರಡಾಗಿರಲು ವಿರೋಧವಿಲ್ಲ.

ಅಚ್ಚಾದ ಸುಳಾದಿಗಳಲ್ಲಿ ರಾಗತಾಳಗಳ ಹೆಸರುಗಳುಂಟು. ಸ್ವರಲೇಖನವು ಸಾಮಾನ್ಯವಾಗಿ ಇಲ್ಲ. ಆದುದರಿಂದ ತಾಳದ ಕಟ್ಟನ್ನು ಇಂದಿಗೂ ಪುನಃ ನಿಲ್ಲಿಸಬಹುದು. ಮೂಲಧಾಟಿಯನ್ನು ಹಾಗೆ ನಿಲ್ಲಿಸಲಾಗದು. ಅದು ಗಾಯಕರ ಪರಂಪರೆಯಲ್ಲಿ ಉಳಿದಷ್ಟೇ ಉಳಿದೀತು. 1928ರಲ್ಲಿ ಸ್ಥಾಪಿತವಾದ ಮದರಾಸಿನ ಸಂಗೀತ ಅಕಾಡೆಮಿಯು ಸೋದಾಹರಣ ಉಪನ್ಯಾಸಗಳಿಂದ ರಸಿಕರಿಗೆ ಶಾಸ್ತ್ರವನ್ನು ತಿಳಿಯಪಡಿಸುತ್ತ ಬಂದಿದೆ. ಅಂತಹ ಉಪನ್ಯಾಸಕ್ಕೆ ಸಿದ್ಧವಾದ ಸಾಮಗ್ರಿಯು ರಾಯಚೂರು, ದೇವದುರ್ಗ, ಮಾನ್ವಿಗಳ ನೆಲದಲ್ಲಿಯೇ ಹುಟ್ಟಿದೆ. ಸುಳಾದಿಯನ್ನು ಗದ್ಯದಂತೆ ಓದಿಸಿ ಅರ್ಥ ಹೇಳಿದರೆ ಸಾಹಿತ್ಯವು ಅರ್ಧ ಮಾತ್ರ ದೊರೆಯುವುದು. ಅಧ್ಯಾಪಕನು ಗಾಯಕನೊಬ್ಬನನ್ನು ಜತೆಗೂಡಿಸಿಕೊಂಡು ತಾಳ ಹಾಕಿಸಿ ಹಾಡಿಸಿದರೆ ಉಳಿದರ್ಧವೂ ಶ್ರೋತೃಗಳಿಗೆ ಲಭಿಸುವುದು.