ಮೂರು ಪಾಲು ಹಾಲು, ದೂರದ ಪ್ರಯೋಗಾಲಯ

ಯಶವಂತನಗರದ ಚಹಾ ಅಂಗಡಿಯ ಹಾಲಿಗೆ ಎಷ್ಟು ನೀರು ಬಿದ್ದಿದೆ ಎಂದು ಕೇಳುವ ಹಕ್ಕು ಯಾರದು? 1949ರಿಂದ ಏಳು ವರ್ಷದೊಳಗೆ ಈ ಪ್ರಶ್ನೆಯ ಉತ್ತರ ಮತ್ತೆ ಮತ್ತೆ ಬದಲಾಯಿತು.

ಊರು ಘೋರ್ಪಡೆ ಅರಸರ ಸಂಡೂರು ಸಂಸ್ಥಾನಕ್ಕೆ ಸೇರಿತ್ತು. ನೆರೆಯ ಹೊಸಪೇಟೆ, ಕಂಪ್ಲಿ ಮದ್ರಾಸ್ ಪ್ರಾಂತ್ಯದವು. ಆ ಪ್ರಾಂತ್ಯ 1918ರಲ್ಲೇ ಕಲಬೆರಕೆ ತಡೆ ಕಾಯ್ದೆ ಮಾಡಿತ್ತು. ಆದರೆ ಅದು ಸಂಸ್ಥಾನದ ಗಡಿ ದಾಟಿ ತಾನಾಗಿ ಬರುವಂತಿರಲಿಲ್ಲ. 1949ರಲ್ಲಿ ಸಂಡೂರು ಮದ್ರಾಸಿಗೆ ಸೇರಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯೊಂದಿಗೆ ಮೈಸೂರು ರಾಜ್ಯಕ್ಕೆ ಬಂತು. 1955ರ ಜೂನ್ 1ರಿಂದ ಬಹುತೇಕ ಇಡೀ ದೇಶಕ್ಕೆ ಒಂದೇ ಕಲಬೆರಕೆ ತಡೆ ಕಾಯ್ದೆ. ರಾಜ್ಯ ಬದಲಾದ ಮೇಲೆ, ಮದ್ರಾಸಿನ ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟಿನ ಕಡೆ ಇದ್ದ ಮಾದರಿಗಳ ಮುಖ ಬೆಂಗಳೂರಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯ ಕಡೆ ತಿರುಗಿತು. ಎರಡೂ ದೂರವೇ.

ಹಾಲು ಅಷ್ಟು ಹೊತ್ತು ಕಾಯುವುದಿಲ್ಲ. ಲ್ಯಾಕ್ಟೋಮೀಟರ್ ಅಂಗಡಿಯಲ್ಲೇ ಸುಳಿವು ಕೊಡುತ್ತದೆ, ನಿಜ. ನೀರು ಹೆಚ್ಚಿದಷ್ಟೂ ಅದು ಕೆಳಗಿಳಿಯುತ್ತದೆ. ಸಕ್ಕರೆಯನ್ನೋ ಗಂಜಿಯನ್ನೋ ಬೆರೆಸಿದರೆ ಮತ್ತೆ ಮೇಲೇಳುತ್ತದೆ. ಗಂಜಿಯನ್ನು ಅಯೋಡಿನ್ ಹನಿಯ ನೀಲಿ ಬಣ್ಣ ಬಯಲು ಮಾಡೀತು, ಆದರೆ ನ್ಯಾಯಾಲಯಕ್ಕೆ ಬೇಕಾದದ್ದು ಸಾರ್ವಜನಿಕ ವಿಶ್ಲೇಷಕರ ವರದಿ. ಹಾಗಾಗಿ ಆಹಾರ ನಿರೀಕ್ಷಕರು ಪಂಚರನ್ನು ಕರೆದು, ದುಡ್ಡು ಕೊಟ್ಟು ಹಾಲು ಕೊಂಡು, ಮೂರು ಪಾಲು ಮಾಡಿ, ಕೆಡದಂತೆ ಫಾರ್ಮಲಿನ್ ಹನಿಸಿ, ಅರಗಿನ ಮುದ್ರೆ ಒತ್ತುತ್ತಿದ್ದರು. ಹಾಲಿನವನು ಅದೇ ಫಾರ್ಮಲಿನ್ ಹಾಕಿದ್ದರೆ ಜೈಲು!

ಮೊದಲು ಒಂದು ಪಾಲು ವ್ಯಾಪಾರಿಯ ಕೈಯಲ್ಲೇ ಉಳಿಯುತ್ತಿತ್ತು. 1976ರ ತಿದ್ದುಪಡಿಯ ನಂತರ ಎರಡು ಪಾಲು ಸ್ಥಳೀಯ ಆರೋಗ್ಯ ಪ್ರಾಧಿಕಾರದ ಬಳಿ ಇರತೊಡಗಿದವು. ವರದಿ ಒಪ್ಪದ ಆರೋಪಿ ಕೇಂದ್ರ ಆಹಾರ ಪ್ರಯೋಗಾಲಯಕ್ಕೆ ಮೊರೆ ಹೋಗಬಹುದಿತ್ತು. ಅಂಥದ್ದೊಂದು ಮೈಸೂರಿನ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯಲ್ಲಿ (ಸಿಎಫ್‌ಟಿಆರ್‌ಐ) ಇತ್ತು.

ಹೊಸಪೇಟೆ, ಕಂಪ್ಲಿಯ ಕಬ್ಬಿನ ಸೀಮೆಯಲ್ಲಿ ಹಾಲಿಗಿಂತ ಬೆಲ್ಲದ ತಕರಾರು ಸೂಕ್ಷ್ಮ. ಕಪ್ಪು ಬೆಲ್ಲ ಕಂಡರೆ ಗಿರಾಕಿ ಮೂಗು ಮುರಿಯುತ್ತಾನೆ, ಆಲೆಮನೆಯವನು ಕೊಪ್ಪರಿಗೆಗೆ ಹೈಡ್ರೋಸ್ ಎಂಬ ಬಣ್ಣ ತಿಳಿಗೊಳಿಸುವ ರಾಸಾಯನಿಕ ಹಾಕುತ್ತಾನೆ. ಬೆಲ್ಲ ಹೊಂಬಣ್ಣಕ್ಕೆ ಬರುತ್ತದೆ, ಗಂಧಕದ ಡೈಆಕ್ಸೈಡ್ ಒಳಗೆ ಉಳಿಯುತ್ತದೆ. ಈಗಿನ ಮಿತಿ ಹತ್ತು ಲಕ್ಷಕ್ಕೆ 70 ಭಾಗ. ಅದನ್ನು ಕಣ್ಣಳತೆಯಲ್ಲಿ ಹೇಳುವವರಿಲ್ಲ. ಇಲ್ಲಿ ಮಾರುವವನೊಬ್ಬನನ್ನೇ ದೂರುವುದು ಅನ್ಯಾಯ.

2011ರ ಆಗಸ್ಟ್ 5ರಂದು ಹೊಸ ಆಹಾರ ಸುರಕ್ಷತಾ ಕಾಯ್ದೆ ಜಾರಿಯಾಯಿತು. ಮಾದರಿ ನಾಲ್ಕು ಪಾಲಾಯಿತು, ವರದಿಗೆ 14 ದಿನದ ಗಡುವು ಬಂತು, ಜಿಲ್ಲೆಗೊಬ್ಬರು ಅಂಕಿತ ಅಧಿಕಾರಿ ಬಂದರು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಹೊಸಪೇಟೆ ಅದರ ಕೇಂದ್ರವಾಯಿತು, ಸಂಡೂರು ಮತ್ತು ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು.

2024ರ ಮಾರ್ಚ್‌ನಲ್ಲಿ ಸರ್ಕಾರ ರಾಜ್ಯದ 171 ಗೋಬಿ ಮಂಚೂರಿ ಮಾದರಿಗಳ ಫಲಿತಾಂಶ ಪ್ರಕಟಿಸಿತು. 107 ಅಸುರಕ್ಷಿತವಾಗಿದ್ದವು; ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಸಿಕ್ಕಿದ್ದವು. ಕೆಲವು ಸಿಹಿತಿಂಡಿಗಳಲ್ಲಿ ಮಿತಿಯೊಳಗೆ ಒಪ್ಪಿತವಾದ ಬಣ್ಣಗಳೇ ಇವು. ಗೋಬಿಗೆ ಮಾತ್ರ ಕೃತಕ ಬಣ್ಣ ಹಾಕುವಂತಿಲ್ಲ ಎಂದು ಆದೇಶ ಹೊರಬಿತ್ತು. ಬೊಂಬಾಯಿ ಮಿಠಾಯಿಯ ರೋಡಮಿನ್-ಬಿ ಬಣ್ಣಕ್ಕೂ ಅದೇ ದಿನ ನಿಷೇಧ ಬಂತು.