ತಲಕಾಡಿನ ಮರಳು: ಐತಿಹ್ಯ ಮತ್ತು ಇತಿಹಾಸ

ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ, ಕಾವೇರಿಯ ಎಡದಂಡೆಯ ಮೇಲೆ ಇರುವ ತಲಕಾಡು ಇಂದು ಒಂದು ಗ್ರಾಮ. ಗಂಗರ ಕಾಲದಲ್ಲಿ ಇದು ರಾಜಧಾನಿಯಾಗಿತ್ತು. ಚೋಳರ ಕಾಲದಲ್ಲಿ ರಾಜರಾಜಪುರವೆಂಬ ಹೆಸರಿನಿಂದ ಮೆರೆಯಿತು. ಹೊಯ್ಸಳರಿಗೆ ಇದರ ವಿಜಯವು ಬಿರುದಿನಲ್ಲಿ ಧರಿಸಿಕೊಳ್ಳುವಷ್ಟು ದೊಡ್ಡ ಸಂಗತಿಯಾಗಿತ್ತು. ಈಗ ಇಲ್ಲಿಗೆ ಬರುವವರ ಕಣ್ಣಿಗೆ ಮೊದಲು ಬೀಳುವುದು ರಾಜಧಾನಿಯ ಅವಶೇಷಗಳಲ್ಲ, ಮರಳು. ಹೊಳೆಯ ದಂಡೆಯುದ್ದಕ್ಕೂ ಎದ್ದಿರುವ ದಿಣ್ಣೆಗಳು, ಅವುಗಳನ್ನು ಹಿಡಿದು ನಿಲ್ಲಿಸಲೆಂದು ಬೆಳೆಸಿದ ಮರಗಳ ತೋಪು, ಮೆಟ್ಟಿಲಿಳಿದು ಹೋಗಿ ನೋಡಬೇಕಾದ ಗುಡಿಗಳು, ಇವು ಸಮುದ್ರದಿಂದ ಬಹುದೂರದ ಒಳನಾಡಿನಲ್ಲಿ ಅಪೂರ್ವವಾದ ದೃಶ್ಯ. ಇಷ್ಟು ಮರಳು ಇಲ್ಲಿಗೆ ಎಲ್ಲಿಂದ ಬಂದಿತು ಎಂದು ಕೇಳಿದರೆ ನಾಡಿನವರೆಲ್ಲರೂ ಅಲಮೇಲಮ್ಮನ ಶಾಪವನ್ನು ಹೇಳುತ್ತಾರೆ. ಆ ಉತ್ತರವನ್ನು ಕಟ್ಟುಕಥೆಯೆಂದು ತಳ್ಳಿಹಾಕುವುದೂ ಸುಲಭ, ಹಾಗೆಯೇ ಒಪ್ಪಿಕೊಳ್ಳುವುದೂ ಸುಲಭ. ಐತಿಹ್ಯವು ಯಾವುದನ್ನು ನೆನಪಿನಲ್ಲಿ ಉಳಿಸಿಕೊಂಡಿತು, ಯಾವುದನ್ನು ಬಿಟ್ಟಿತು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಊರಿನ ಹೆಸರಿಗೆ ಸಂಬಂಧಿಸಿದ ಕಥೆ ಶಾಪದ ಕಥೆಗಿಂತ ಹಳೆಯ ಪದರಕ್ಕೆ ಸೇರಿದುದೆಂದು ತೋರುತ್ತದೆ. ತಲ, ಕಾಡ ಎಂಬ ಇಬ್ಬರು ಬೇಡರು ಕಾಡಾನೆಗಳು ಒಂದು ಬೂರುಗದ ಮರವನ್ನು ಪೂಜಿಸುವುದನ್ನು ಕಂಡು, ಬೆರಗಿನಿಂದ ಆ ಮರಕ್ಕೆ ಕೊಡಲಿಯ ಏಟು ಹಾಕಿದರಂತೆ. ಮರದಿಂದ ನೆತ್ತರು ಹರಿಯಿತು. ಅದೇ ಮರದ ಎಲೆ ಕಾಯಿಗಳನ್ನು ಗಾಯಕ್ಕೆ ಕಟ್ಟಬೇಕೆಂದು ಅಶರೀರವಾಣಿಯಾಯಿತು. ಅವರು ಹಾಗೆ ಮಾಡಲು ನೆತ್ತರು ಹಾಲಾಯಿತು. ಆನೆಗಳು ಪೂರ್ವಜನ್ಮದಲ್ಲಿ ಸೋಮದತ್ತನೆಂಬ ಋಷಿ ಮತ್ತು ಆತನ ಶಿಷ್ಯರು. ತನ್ನ ಗಾಯಕ್ಕೆ ತಾನೇ ಮದ್ದನ್ನು ಹೇಳಿದ ಶಿವನು ವೈದ್ಯನಾಥನಾದನು. ಬೇಡರಿಬ್ಬರ ಹೆಸರು ಸೇರಿ ತಲಕಾಡಾಯಿತು. ಹೆಸರನ್ನು ಇಬ್ಭಾಗ ಮಾಡಿ ಇಬ್ಬರು ಮನುಷ್ಯರನ್ನು ಸೃಷ್ಟಿಸುವ ಈ ವಿಧಾನ ಸ್ಥಳಪುರಾಣಗಳಲ್ಲಿ ಹೊಸದಲ್ಲ. ಶಾಸನಗಳಲ್ಲಿ ಬರುವ ತಳವನಪುರ, ದಳವನಪುರ ಎಂಬ ರೂಪಗಳು ಕನ್ನಡ ಹೆಸರನ್ನೇ ಸಂಸ್ಕೃತಕ್ಕೆ ತಿರುಗಿಸಿದವುಗಳಾಗಿದ್ದು, ‘ಕಾಡು’ ಎಂಬುದು ಅರಣ್ಯವೆಂದೇ ಆಗಿನ ಶಾಸನಕವಿಗಳು ತಿಳಿದಿದ್ದರೆಂಬುದಕ್ಕೆ ಸಾಕ್ಷಿಯಾಗಿವೆ. ಆದರೆ ಕಥೆಯಲ್ಲಿ ಆನೆಗಳು ಏಕೆ ಬಂದವು? ಗಂಗರ ರಾಜಲಾಂಛನ ಆನೆಯೆಂಬುದನ್ನು ಇಲ್ಲಿ ಸ್ಮರಿಸಬಹುದು. ಆನೆಗಳು ಮೊದಲು ಪೂಜಿಸಿದವು, ಬಳಿಕ ಬೇಡರು ಒಲಿದರು ಎಂಬ ಕ್ರಮದಲ್ಲಿ ಅರಸುಮನೆತನದ ಗುರುತು ಅಡಗಿರಬಹುದೆಂಬುದು ಊಹೆ ಮಾತ್ರ. ಇದಕ್ಕಿಂತ ಹೆಚ್ಚಿನ ಭಾರವನ್ನು ಆ ಕಥೆ ಹೊರಲಾರದು.

ಗಂಗರು ಕುವಲಾಲಪುರದಿಂದ, ಎಂದರೆ ಇಂದಿನ ಕೋಲಾರದಿಂದ, ತಮ್ಮ ರಾಜಧಾನಿಯನ್ನು ಇಲ್ಲಿಗೆ ತಂದರು. ಮಡಿಕೇರಿಯ ತಾಮ್ರಪಟಗಳಲ್ಲಿ ತಳವನನಗರದ ಶ್ರೀವಿಜಯ ಜಿನಾಲಯದ ಉಲ್ಲೇಖವಿದೆ. ಆ ಪಟಗಳ ಕಾಲ ಮತ್ತು ಪ್ರಾಮಾಣ್ಯಗಳ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದ್ದರೂ, ಈಗ ಶೈವಕ್ಷೇತ್ರವೆಂದೇ ಪ್ರಸಿದ್ಧವಾದ ಈ ಊರಿನಲ್ಲಿ ಜೈನಬಸದಿಗಳೂ ಇದ್ದುವೆಂಬುದನ್ನು ಅವು ನೆನಪಿಗೆ ತರುತ್ತವೆ. 11ನೆಯ ಶತಮಾನದ ಆರಂಭದಲ್ಲಿ ಚೋಳರು ತಲಕಾಡನ್ನು ಹಿಡಿದರು. ಎದುರುದಂಡೆಯ ಮಾಲಂಗಿ ಅವರ ಆಳ್ವಿಕೆಯಲ್ಲಿ ಜನನಾಥಪುರವಾಯಿತು. ಹೊಳೆಯ ಎರಡು ದಂಡೆಗಳಲ್ಲಿ ಎರಡು ಊರುಗಳು ಎದುರುಬದುರಾಗಿ ಬೆಳೆದುವೆಂಬ ಈ ಸಂಗತಿಯನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಶಾಪದ ಮಾತಿನಲ್ಲಿ ಇವೆರಡೂ ಜೊತೆಯಾಗಿಯೇ ಬರುತ್ತವೆ. 1116ರಲ್ಲಿ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಚೋಳರ ಸಾಮಂತನಾದ ಅದಿಯಮನನ್ನು ಸೋಲಿಸಿ ಊರನ್ನು ವಶಪಡಿಸಿಕೊಂಡನು. ಮರುವರ್ಷ ಕೀರ್ತಿನಾರಾಯಣನ ಪ್ರತಿಷ್ಠೆಯಾಯಿತು. ವಿಷ್ಣುವರ್ಧನನ ಚಿನ್ನದ ನಾಣ್ಯಗಳ ಮೇಲೆ ‘ಶ್ರೀ ತಲಕಾಡುಗೊಂಡ’ ಎಂಬ ಕನ್ನಡ ಅಕ್ಷರಗಳಿವೆ. ಮರಳಿನಡಿಯಲ್ಲಿ ಮುಚ್ಚಿಹೋಗಲಿದ್ದ ಊರನ್ನು ಗೆದ್ದುದಕ್ಕಾಗಿ ಯಾವ ಅರಸನೂ ನಾಣ್ಯ ಟಂಕಿಸುವುದಿಲ್ಲ. 12ನೆಯ ಶತಮಾನದಲ್ಲಿ ತಲಕಾಡು ಸಮೃದ್ಧವಾದ, ಗೆಲ್ಲಲು ಯೋಗ್ಯವಾದ ಪಟ್ಟಣವಾಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಇನ್ನು ಶಾಪದ ಕಥೆ. ಶ್ರೀರಂಗಪಟ್ಟಣದಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದವನನ್ನು ಐತಿಹ್ಯವು ಶ್ರೀರಂಗರಾಯನೆಂದು ಕರೆಯುತ್ತದೆ. ಇತಿಹಾಸಕಾರರು ಆತನನ್ನು ತಿರುಮಲನೆಂದು ಗುರುತಿಸುತ್ತಾರೆ. ಬೆನ್ನುಫಣಿಯ ರೋಗದಿಂದ ನರಳುತ್ತಿದ್ದ ರಾಯನು ವೈದ್ಯನಾಥನ ಸೇವೆಗಾಗಿ ತಲಕಾಡಿಗೆ ಬಂದನು. ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ರಾಯನು ತೀರಿಕೊಂಡ ಮೇಲೆ ಅವನ ಮಡದಿ ಅಲಮೇಲಮ್ಮನ ಬಳಿ ಇದ್ದ ಒಡವೆಗಳನ್ನು, ರಂಗನಾಯಕಿ ಅಮ್ಮನವರಿಗೆ ವಾರದ ವಿಶೇಷ ದಿನಗಳಲ್ಲಿ ತೊಡಿಸುತ್ತಿದ್ದವೆಂಬ ಕಾರಣದಿಂದ, ಅರಮನೆಯವರು ಕೇಳಿದರು. ಆಕೆ ಮುತ್ತಿನ ಮೂಗುತಿಯನ್ನು ಮಾತ್ರ ಕೊಟ್ಟಳು. ಸೈನಿಕರು ಬೆನ್ನಟ್ಟಿದಾಗ ಉಳಿದ ಒಡವೆಗಳನ್ನು ಮಡಿಲಲ್ಲಿ ಕಟ್ಟಿಕೊಂಡು ಮಾಲಂಗಿಯ ಬಳಿ ಕಾವೇರಿಗೆ ಹಾರಿದಳು. ಹಾರುವ ಮೊದಲು ಆಕೆ ಮೂರು ಶಾಪಗಳನ್ನು ಕೊಟ್ಟಳೆಂದು ಜನರು ಹೇಳುತ್ತಾರೆ: ತಲಕಾಡು ಮರಳಿನಿಂದ ತುಂಬಬೇಕು, ಮಾಲಂಗಿಯಲ್ಲಿ ಹೊಳೆ ಮಡುವಾಗಬೇಕು, ಮೈಸೂರಿನ ಅರಸರಿಗೆ ಸಂತಾನವಿರಬಾರದು.

ಇದರಲ್ಲಿ ಇತಿಹಾಸದ ತಿರುಳು ಯಾವುದು? ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣವನ್ನು ಪಡೆದುದು ಸತ್ಯ. 1612ರಲ್ಲಿ ವಿಜಯನಗರದ ವೆಂಕಟಪತಿರಾಯನು ಅದನ್ನು ಶಾಸನಮೂಲಕ ಮಾನ್ಯ ಮಾಡಿದನೆಂಬುದೂ ಸತ್ಯ. ಇವೆರಡರ ನಡುವೆ ನಡೆದುದೇನು, ರಾಯನು ತಾನಾಗಿ ಒಪ್ಪಿಸಿಹೋದನೋ ಅಥವಾ ಓಡಿಸಲ್ಪಟ್ಟನೋ ಎಂಬುದು ಸುಲಭವಾಗಿ ಬಿಡಿಸಲಾಗದ ಗಂಟು. ಮೈಸೂರಿನ ಇತಿಹಾಸವನ್ನು 1810ರಲ್ಲಿ ಪ್ರಕಟಿಸಲಾರಂಭಿಸಿದ ವಿಲ್ಕ್ಸನು ಆಗಲೇ ಈ ವಿಷಯದಲ್ಲಿ ಹಸ್ತಪ್ರತಿಗಳು ಒಂದಕ್ಕೊಂದು ಹೊಂದುವುದಿಲ್ಲವೆಂದು ಗಮನಿಸಿದ್ದನು. ಅರಮನೆಯ ಕಡೆಯವರು ಸೌಹಾರ್ದದ ಹಸ್ತಾಂತರವೆಂದು ಹೇಳಿದ ಘಟನೆಯನ್ನು ಜನರ ನಾಲಿಗೆಯು ವಿಧವೆಯ ಒಡವೆಯನ್ನು ಕಿತ್ತುಕೊಂಡ ಅನ್ಯಾಯವೆಂದು ಉಳಿಸಿಕೊಂಡಿತು. ವಿಶೇಷವೆಂದರೆ ಅರಮನೆಯೂ ಈ ಕಥೆಯನ್ನು ಅಲ್ಲಗಳೆಯಲಿಲ್ಲ. ಅಲಮೇಲಮ್ಮನ ಪ್ರತಿಮೆಯನ್ನು ಮಾಡಿಸಿ ಪೂಜಿಸುವ ಪದ್ಧತಿ ಅಲ್ಲಿ ನಡೆದುಬಂದಿದೆ. ಸೋತವರ ಕಡೆಯ ಹೆಣ್ಣನ್ನು ಗೆದ್ದವರು ತಲೆತಲಾಂತರ ಪೂಜಿಸಿದ ನಿದರ್ಶನಗಳು ನಮ್ಮ ಇತಿಹಾಸದಲ್ಲಿ ಹೆಚ್ಚಿಲ್ಲ.

ಮೂರನೆಯ ಶಾಪವನ್ನು ವಂಶಾವಳಿಯೊಂದಿಗೆ ಹೋಲಿಸಿದರೆ ಅದು ಅಕ್ಷರಶಃ ನಿಲ್ಲುವುದಿಲ್ಲ. ಚಿಕ್ಕದೇವರಾಜ ಒಡೆಯರ ನಂತರ 1704ರಲ್ಲಿ ಅವರ ಮಗ, 1714ರಲ್ಲಿ ಮೊಮ್ಮಗ ಪಟ್ಟಕ್ಕೆ ಬಂದರು. ಹತ್ತನೆಯ ಚಾಮರಾಜ ಒಡೆಯರ ಮಗನೇ ನಾಲ್ವಡಿ ಕೃಷ್ಣರಾಜ ಒಡೆಯರು. ಆದರೆ 1732ರ ಅನಂತರದ ದತ್ತಸ್ವೀಕಾರಗಳು, 1868ರಲ್ಲಿ ತೀರಿಕೊಂಡ ಮುಮ್ಮಡಿ ಕೃಷ್ಣರಾಜರ ದತ್ತಪುತ್ರನ ಪಟ್ಟಾಭಿಷೇಕ, 1940ರಲ್ಲಿ ನಾಲ್ವಡಿಯವರ ತರುವಾಯ ತಮ್ಮನ ಮಗನ ಉತ್ತರಾಧಿಕಾರ, 2013ರಲ್ಲಿ ಶ್ರೀಕಂಠದತ್ತ ಒಡೆಯರ ನಿಧನಾನಂತರ 2015ರ ದತ್ತಸ್ವೀಕಾರ, ಇವೆಲ್ಲವೂ ಕಥೆಗೆ ಆಗಾಗ ಹೊಸ ಜೀವವನ್ನು ತುಂಬಿದವು. ಹೊಂದಿಕೆಯಾದುದನ್ನು ಜನರು ಎಣಿಸಿದರು, ಹೊಂದದುದನ್ನು ಎಣಿಸಲಿಲ್ಲ.

ಮೊದಲಿನ ಎರಡು ಶಾಪಗಳ ಸ್ಥಿತಿ ಬೇರೆ. ಅವು ಕಣ್ಣಿಗೆ ಕಾಣುವ ಸಂಗತಿಗಳು, ಹೊಳೆಗೆ ಸಂಬಂಧಿಸಿದವು. ತಿರುಮಕೂಡಲಿನಲ್ಲಿ ಕಪಿಲೆಯನ್ನು ಕೂಡಿಕೊಂಡು ಬರುವ ಕಾವೇರಿ ತಲಕಾಡಿನ ಸಮೀಪದಲ್ಲಿ ತೀವ್ರವಾಗಿ ತಿರುಗುತ್ತದೆ. ಮಲ್ಲಿಕಾರ್ಜುನನ ಬೆಟ್ಟವಿರುವ ಮುಡುಕುತೊರೆಯ ಹೆಸರೇ ಹೊಳೆಯ ಆ ಮುರುಕನ್ನು ಹೇಳುತ್ತದೆ. ಹೊಳೆ ತಿರುಗುವ ಕಡೆಗಳಲ್ಲೆಲ್ಲ ಹೊರದಂಡೆಯ ಕಡೆ ನೀರಿನ ಸೆಳೆತ ಹೆಚ್ಚಿ ತಳ ಕೊರೆಯುತ್ತದೆ. ಒಳದಂಡೆಯಲ್ಲಿ ಸೆಳೆತ ಕುಗ್ಗಿ ಮರಳು ನಿಲ್ಲುತ್ತದೆ. ಒಂದು ದಂಡೆಯಲ್ಲಿ ಮಡು, ಇನ್ನೊಂದರಲ್ಲಿ ಮರಳು, ಇವೆರಡೂ ಒಂದೇ ತಿರುವಿನ ಎರಡು ಕೆಲಸಗಳು. ಶಾಪದ ಮಾತು ಮಾಲಂಗಿಯನ್ನೂ ತಲಕಾಡನ್ನೂ ಬಿಡಿಸದೆ ಜೋಡಿಯಾಗಿ ಹೇಳುವುದು ಈ ದೃಷ್ಟಿಯಿಂದ ಬಹಳ ಸ್ವಾರಸ್ಯವಾದುದು. ಹೊಳೆಯನ್ನು ದಿನವೂ ನೋಡುತ್ತಿದ್ದವರ ತಿಳಿವಳಿಕೆ ಇಲ್ಲಿ ಕಥೆಯ ಉಡುಪನ್ನು ತೊಟ್ಟಿದೆ ಎಂದು ನನಗೆ ತೋರುತ್ತದೆ.

ತಿರುವು ಮಾತ್ರವೇ ಕಾರಣವಾಗಿದ್ದರೆ ಗಂಗರ ಕಾಲದಲ್ಲಿಯೇ ಊರು ಮುಚ್ಚಬೇಕಾಗಿತ್ತು. ಆದುದರಿಂದ ನಡುವೆ ಏನೋ ಹೊಸದಾಗಿ ಸೇರಿರಬೇಕು. ವಿಜಯನಗರದ ಆರಂಭದ ಅರಸರ ಕಾಲದಲ್ಲಿ, 14ನೆಯ ಶತಮಾನದಲ್ಲಿದ್ದ ಮಾಧವಮಂತ್ರಿಯ ಹೆಸರಿನ ಅಣೆಕಟ್ಟು ತಲಕಾಡಿಗೆ ಮೇಲ್ಗಡೆ ಇದೆ. ಕೆ. ಎನ್. ಗಣೇಶಯ್ಯನವರು ಈ ಅಣೆಯೇ ಅನರ್ಥಕ್ಕೆ ಮೂಲವೆಂದು 2007ರಲ್ಲಿ ವಾದಿಸಿದರು. ಅಣೆಯಿಂದ ಕೆಳಗಿನ ಪಾತ್ರದಲ್ಲಿ ಬೇಸಗೆಯ ನೀರು ಕಡಿಮೆಯಾಗಿ, ಹೊಳೆ ತಂದ ಮರಳು ಬಿಸಿಲಿಗೆ ತೆರೆದುಕೊಂಡಿತು; ನೈಋತ್ಯದ ಗಾಳಿ ಅದನ್ನು ಊರಿನ ಮೇಲೆ ತೂರಿತು. ಭೂವಿಜ್ಞಾನಿಗಳಲ್ಲಿ ಕೆಲವರು ನೆಲದಾಳದ ಚಲನೆಯಿಂದ ಹೊಳೆಯ ಓಟ ಮಂದವಾಗಿ ಮರಳು ನಿಂತಿತೆಂದು ಹೇಳುತ್ತಾರೆ. ಎರಡು ವಾದಗಳೂ ಒಂದನ್ನೊಂದು ಹೊರಗಿಡಬೇಕಾಗಿಲ್ಲ. ಮರಳು ಶೇಖರವಾದುದಕ್ಕೆ ಒಂದು, ಅದು ಒಣಗಿ ಹಾರಿದುದಕ್ಕೆ ಇನ್ನೊಂದು ಕಾರಣವಾಗಿರಬಹುದು.

ಮರಳಿನ ನಡಿಗೆಯನ್ನು ಕುರಿತು 1908ರ ಇಂಪೀರಿಯಲ್ ಗೆಜೆಟಿಯರಿನಲ್ಲಿ ಒಂದು ಬೆಲೆಯುಳ್ಳ ವರ್ಣನೆಯಿದೆ. ಹಳೆಯ ಊರಿನ ಮೇಲೆ ದಿಣ್ಣೆಗಳು ಸುಮಾರು ಒಂದು ಮೈಲಿ ಉದ್ದಕ್ಕೆ ಹಬ್ಬಿದ್ದವು; ಮುಖ್ಯವಾಗಿ ಮುಂಗಾರಿನ ತಿಂಗಳುಗಳಲ್ಲಿ ಅವು ವರ್ಷಕ್ಕೆ 9 ಅಥವಾ 10 ಅಡಿಯಂತೆ ಮುಂದುವರಿಯುತ್ತಿದ್ದವು; ಜನರು ಮನೆಗಳನ್ನು ಬಿಟ್ಟು ಒಳಗೊಳಗೆ ಸರಿಯುತ್ತಿದ್ದರು; ಮೂವತ್ತಕ್ಕೂ ಹೆಚ್ಚು ಗುಡಿಗಳು ಮರಳಿನಡಿಯಲ್ಲಿವೆಯೆಂದು ಹೇಳಲಾಗುತ್ತಿತ್ತು. ವರ್ಷಕ್ಕೆ 10 ಅಡಿಯಾದರೆ ಒಂದು ಮೈಲಿಗೆ 528 ವರ್ಷ. ಹಿಂದಕ್ಕೆ ಎಣಿಸಿದರೆ 14ನೆಯ ಶತಮಾನದ ಉತ್ತರಾರ್ಧ ಸಿಗುತ್ತದೆ, ಮಾಧವಮಂತ್ರಿಯ ಕಾಲ! ಈ ಲೆಕ್ಕ ಬುದ್ಧಿಯನ್ನು ಸೆಳೆಯುತ್ತದೆ, ಆದರೆ ಇದನ್ನು ನಂಬತಕ್ಕದ್ದಲ್ಲ. ದಿಣ್ಣೆಗಳ ಉದ್ದವೇ ಮರಳು ನಡೆದ ದೂರವಲ್ಲ. ಎಲ್ಲ ಶತಮಾನಗಳಲ್ಲಿಯೂ ಅದು ಒಂದೇ ವೇಗದಲ್ಲಿ ನಡೆಯಿತೆನ್ನಲು ಆಧಾರವೂ ಇಲ್ಲ. ಇಷ್ಟನ್ನು ಮಾತ್ರ ಹೇಳಬಹುದು: ವರ್ಷಕ್ಕೆ ಹತ್ತಡಿಯಂತೆ ತೆವಳುವ ಮರಳು ಒಬ್ಬಳ ಮಾತಿನಿಂದ ಒಂದು ದಿನ ಎದ್ದುಬಂದುದಲ್ಲ. ಅಲಮೇಲಮ್ಮನು ಹೊಳೆಗೆ ಹಾರಿದ ಕಾಲಕ್ಕೆ ಆ ಊರಿನವರು ಮರಳನ್ನು ಆಗಲೇ ಬಲ್ಲವರಾಗಿದ್ದಿರಬೇಕು. ಪಂಚಲಿಂಗಗಳಲ್ಲಿ ಒಂದಾದ ಮರುಳೇಶ್ವರನಿಗೆ ಮರಳೇಶ್ವರ, ಸೈಕತೇಶ್ವರ ಎಂಬ ಹೆಸರುಗಳೂ ಇವೆ. ಸೈಕತವೆಂದರೆ ಮರಳ ದಂಡೆ. ಇದು ಪ್ರಮಾಣವಲ್ಲ, ಸೂಚನೆ.

ಅದೇ ಗೆಜೆಟಿಯರು ಇನ್ನೊಂದು ಮಾತನ್ನು ಹೇಳುತ್ತದೆ. ಮರಳು ಮೂರು ಕಡೆಗಳಿಂದ ಒತ್ತುತ್ತಿದ್ದರೂ ಊರಿನ ಜನಸಂಖ್ಯೆ ಏರುತ್ತಿತ್ತು. ಕಾರಣ ಮಾಧವಮಂತ್ರಿ ಅಣೆಯ ನಾಲೆ, ಅದರಿಂದ ಬೆಳೆಯುವ ಗದ್ದೆ. ತಲಕಾಡಿನ ಇತಿಹಾಸದಲ್ಲಿ ಇದಕ್ಕಿಂತ ವಿಚಾರಾರ್ಹವಾದ ಸಂಗತಿ ಬೇರೊಂದಿಲ್ಲ. ಗುಡಿಗಳನ್ನು ಹೂಳಿದ ಮರಳಿಗೆ ಕಾರಣವೆಂದು ಶಂಕಿಸಲಾದ ಕಟ್ಟೆಯೇ ಊರವರ ಅನ್ನಕ್ಕೂ ಕಾರಣ. ಹಳೆಯ ಮನೆ ಮರಳಿನಡಿಗೆ ಹೋದರೂ ರೈತನು ಊರನ್ನು ಬಿಡಲಿಲ್ಲ. ಬೇರೆ ಮನೆ ಕಟ್ಟಿಕೊಂಡು ಅದೇ ನಾಲೆಯ ನೀರನ್ನು ಗದ್ದೆಗೆ ತಿರುಗಿಸಿಕೊಂಡನು. ಹೀಗಿರಲು ಐತಿಹ್ಯದಲ್ಲಿ ಅಣೆಯ ಹೆಸರೇ ಬಾರದಿರುವುದು ಆಶ್ಚರ್ಯವಲ್ಲ. ಅಣೆ ಕಟ್ಟಿ ಎರಡು ಶತಮಾನಗಳಾಗಿದ್ದವು. ಅದರ ಉಪಕಾರ ದಿನವೂ ಕಾಣುತ್ತಿತ್ತು, ಅಪಕಾರ ತಲೆಮಾರುಗಳ ಮೇಲೆ ನಿಧಾನವಾಗಿ ಬಂದಿತು. 1610ರ ರಾಜಕೀಯ ಪಲ್ಲಟವಾದರೋ ಹತ್ತಿರದ ನೆನಪು. ಅದರಲ್ಲಿ ಅನ್ಯಾಯಕ್ಕೊಳಗಾದ ಒಬ್ಬ ಹೆಣ್ಣುಮಗಳಿದ್ದಳು. ಊರಿನ ದುಃಖವು ಆಕೆಯ ದುಃಖವನ್ನು ಸೇರಿಕೊಂಡಿತು. ಆಕೆಯನ್ನು ಮರಳಿನ ಹೊಣೆಯಿಂದ ಬಿಡಿಸಿದರೆ ಕಥೆಯ ಬೆಲೆ ಕುಗ್ಗುವುದಿಲ್ಲ. ಒಡವೆಯ ಪ್ರಕರಣ ತನ್ನಷ್ಟಕ್ಕೆ ತಾನೇ ವಿಚಾರಿಸತಕ್ಕ ವಿಷಯವಾಗಿ ಉಳಿಯುತ್ತದೆ.

ಪ್ರಕೃತ ಸ್ಥಿತಿಯನ್ನು ಕುರಿತು ಒಂದೆರಡು ಮಾತು. ಮರಳಿಗೆ ಸಿಕ್ಕದೆ ಉಳಿದ ಗುಡಿಗಳಲ್ಲಿ ವೈದ್ಯೇಶ್ವರನದೇ ಭವ್ಯವಾದುದು. ಅದರ ಎತ್ತರವಾದ ದ್ವಾರಪಾಲಕರನ್ನೂ ಕಲ್ಲಿನ ಬಳೆಗಳ ಸರಪಳಿಯನ್ನೂ ನೋಡದೆ ಹಿಂದಿರುಗಬಾರದು. ಕೀರ್ತಿನಾರಾಯಣನ ಗುಡಿಯನ್ನು ಮರಳಿನಿಂದ ಬಿಡಿಸಲಾಗಿದೆ. 1990ರ ದಶಕದ ಆರಂಭದ ಉತ್ಖನನಗಳು ಮರಳಿನಡಿಯ ಊರಿನ ಕೆಲವು ಭಾಗಗಳನ್ನು ಬೆಳಕಿಗೆ ತಂದವು. ಕಾರ್ತಿಕ ಸೋಮವಾರದಂದು ಅಮಾವಾಸ್ಯೆಯೂ ವಿಶಾಖಾ ನಕ್ಷತ್ರವೂ ಕೂಡಿದಾಗ ನಡೆಯುವ ಪಂಚಲಿಂಗದರ್ಶನ 2009, 2013 ಮತ್ತು 2020ರಲ್ಲಿ ನಡೆಯಿತು. ಕೊನೆಯದು ಸಾಂಕ್ರಾಮಿಕದ ನಿರ್ಬಂಧಗಳ ನಡುವೆ. ಆಗ ಬರುವ ಯಾತ್ರಿಕರು ಮರಳಿನಲ್ಲಿ ನಡೆದು ಪಾತಾಳೇಶ್ವರ, ಮರುಳೇಶ್ವರ, ಅರ್ಕೇಶ್ವರ, ವೈದ್ಯೇಶ್ವರರನ್ನು ಕಂಡು, ಮುಡುಕುತೊರೆಯ ಮಲ್ಲಿಕಾರ್ಜುನನಲ್ಲಿಗೆ ಹೋಗುತ್ತಾರೆ. ಮಾಧವಮಂತ್ರಿಯ ಅಣೆಯನ್ನು ನೋಡಲು ಹೋಗುವವರು ವಿರಳ. ಚರಿತ್ರೆಯ ವಿದ್ಯಾರ್ಥಿಗಳಾದರೂ ಗುಡಿಗಳನ್ನು ನೋಡಿದ ದಿನವೇ ಅಣೆಯನ್ನೂ ನೋಡಬೇಕು. ಮರಳು ತುಂಬಿದ ಪಾತ್ರವನ್ನೂ ನೀರು ಹರಿಯುವ ನಾಲೆಯನ್ನೂ ಒಂದೇ ಹಗಲಿನಲ್ಲಿ ಕಾಣಬಹುದು.