ಹಾಸಿಗೆ ಇಲ್ಲದವರ ಸಾಲದ ಚರಿತ್ರೆ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ಮೇಷ್ಟ್ರಾದ ಮೇಲೆ ಮಕ್ಕಳಿಗೂ ಕಲಿಸಿದ್ದೇವೆ. ಕೇರಿಯ ಹುಡುಗನೊಬ್ಬ ಸಾಲ ಮಾಡಿ ಬೈಕು ತಂದರೆ, ಗುಡಿಸಲು ಕಿತ್ತು ತಾರಸಿ ಹಾಕಿಸಿದರೆ, ಹಳೇ ಕಾರೊಂದನ್ನು ಕಂತಿನ ಮೇಲೆ ತಂದು ಬಾಡಿಗೆಗೆ ಬಿಟ್ಟರೆ, ಊರ ಕಟ್ಟೆಯ ಮೇಲೆ ಕೂತವರು ಇದೇ ಗಾದೆಯನ್ನು ಅವನ ಮುಖಕ್ಕೆ ಎಸೆಯುತ್ತಾರೆ. 'ಇವನಿಗ್ಯಾಕೆ ಬೇಕಿತ್ತು ಇದೆಲ್ಲ?' ಅಂತಾರೆ. ಈ ಮಾತಿನಲ್ಲಿ ಅರ್ಧ ಬುದ್ಧಿವಾದ ಇದೆ, ಅರ್ಧ ಹೊಟ್ಟೆಕಿಚ್ಚು ಇದೆ. ಎರಡನ್ನೂ ಬಿಡಿಸಿ ನೋಡಬೇಕಾದರೆ ಚರಿತ್ರೆಯನ್ನು ಕೆದಕಲೇಬೇಕು. ಹಾಸಿಗೆ ಯಾರ ಹತ್ತಿರ ಇತ್ತು? ಬರೀ ನೆಲದ ಮೇಲೆ ಮಲಗಿದ್ದವರು ಯಾರು?

ಮೊದಲನೆಯದಾಗಿ, ಈ ದೇಶದಲ್ಲಿ 'ಶಕ್ತಿ' ಅನ್ನುವುದು ಬರೀ ದುಡ್ಡಿನ ಮಾತಾಗಿರಲಿಲ್ಲ. ಬಾಬಾಸಾಹೇಬರ ಬದುಕನ್ನೇ ನೋಡೋಣ. 1901ರಲ್ಲಿ ಬಾಲಕ ಭೀಮರಾವ್ ಅಣ್ಣ ಮತ್ತು ಜೊತೆಯ ಮಕ್ಕಳೊಂದಿಗೆ ತಂದೆಯ ಬಳಿಗೆ ಹೊರಟು ಮಸೂರು ಸ್ಟೇಷನ್ನಿನಲ್ಲಿ ಇಳಿದರು. ಕೈಯಲ್ಲಿ ದುಡ್ಡಿತ್ತು, ಎತ್ತಿನಗಾಡಿಗಳೂ ಇದ್ದವು. ಜಾತಿ ತಿಳಿದದ್ದೇ ತಡ, ಒಬ್ಬ ಗಾಡಿಯವನೂ ಒಪ್ಪಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆ ಕೊಟ್ಟು ಮಕ್ಕಳೇ ಗಾಡಿ ಹೊಡೆದರು. ಗಾಡಿಯವನು ಪಕ್ಕದಲ್ಲಿ ನಡೆದುಬಂದ. 1917ರಲ್ಲಿ ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ ಬಂದು ಬರೋಡಾದಲ್ಲಿ ನೌಕರಿಗೆ ನಿಂತಾಗ ಸಂಬಳ ಇತ್ತು, ಬಾಡಿಗೆ ಮನೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಲ್ಲಿ ಗುರುತು ಮರೆಸಿ ಇದ್ದವರನ್ನು ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪು ಬಂದು ಹೊರಗೆ ಹಾಕಿತು. 1929ರಲ್ಲಿ ಚಾಳೀಸ್‌ಗಾಂವ್‌ನಲ್ಲಿ ಟಾಂಗಾದವರು ಅವರನ್ನು ಕೂರಿಸಿಕೊಂಡು ಹೊಡೆಯಲು ಒಪ್ಪಲಿಲ್ಲ. ಗಾಡಿ ಹೊಡೆದು ಗೊತ್ತಿಲ್ಲದ ನಮ್ಮವನೊಬ್ಬ ಲಗಾಮು ಹಿಡಿದ. ಅಂಬೇಡ್ಕರರು ಕಲ್ಲುಹಾಸಿನ ಮೇಲೆ ಬಿದ್ದು ಕಾಲು ಮುರಿದುಕೊಂಡರು.

ಹೀಗೆ ಮನೆ, ವಾಹನ ಎರಡೂ ನಮ್ಮ ಜನಕ್ಕೆ ಬರೀ ಅನುಕೂಲದ ವಸ್ತುಗಳಾಗಿ ಬರಲಿಲ್ಲ. ಅವು ಮಾನದ ಪ್ರಶ್ನೆಯಾಗಿ ಬಂದವು. ಸ್ವಂತ ಗಾಡಿ ಇದ್ದವನು ಯಾರ ಗಾಡಿಯವನ ಮುಂದೆಯೂ ಕೈಕಟ್ಟಿ ನಿಲ್ಲಬೇಕಿಲ್ಲ. ಸ್ವಂತ ಸೂರು ಇದ್ದವನನ್ನು 'ಯಾವ ಜನ?' ಅಂತ ಕೇಳಿ ಬಾಗಿಲು ಹಾಕುವವರಿಲ್ಲ. ಸಾಲ ಮಾಡಿಯಾದರೂ ಇವೆರಡನ್ನು ಬಯಸುವ ಹುಡುಗನನ್ನು ಬರೀ ಶೋಕಿಯವನು ಅನ್ನುವವರು ಈ ನೂರು ವರ್ಷವನ್ನು ಮರೆತು ಮಾತಾಡುತ್ತಾರೆ.

ಆದರೆ ಚರಿತ್ರೆಯ ಇನ್ನೊಂದು ಪುಟವೂ ಇದೆ. ಸಾಲ ನಮ್ಮ ಜನರನ್ನು ಎತ್ತಿದ್ದಕ್ಕಿಂತ ಕಟ್ಟಿಹಾಕಿದ್ದೇ ಹೆಚ್ಚು.

1875ರಲ್ಲಿ ಪುಣೆ, ಅಹಮದ್‌ನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗೆ ನುಗ್ಗಿದರು. ಅವರು ಮೊದಲು ಹುಡುಕಿದ್ದು ಚಿನ್ನವನ್ನಲ್ಲ, ಸಾಲದ ಪತ್ರಗಳನ್ನು. ಅವನ್ನು ತಂದು ಬೀದಿಯಲ್ಲಿ ಸುಟ್ಟರು. ಬ್ರಿಟಿಷ್ ಸರ್ಕಾರ 1879ರಲ್ಲಿ ಒಂದು ಪರಿಹಾರ ಕಾಯ್ದೆ ತಂದಿತು. 1904ರಲ್ಲಿ ಸಹಕಾರಿ ಸಂಘಗಳ ಕಾನೂನು ಬಂತು. ಅದರ ಮರುವರ್ಷವೇ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಭಾರತದ ಸಹಕಾರಿ ಚಳವಳಿ ಅಲ್ಲಿಂದ ಶುರುವಾಯಿತು ಅಂತ ನಾವು ಹೆಮ್ಮೆ ಪಡುತ್ತೇವೆ, ಪಡಬೇಕಾದ್ದೇ. ಆದರೆ 1951-52ರಲ್ಲಿ ರಿಸರ್ವ್ ಬ್ಯಾಂಕು ನಡೆಸಿದ ಗ್ರಾಮೀಣ ಸಾಲದ ಸಮೀಕ್ಷೆ ಏನು ಹೇಳಿತು? ಹಳ್ಳಿಯ ಸಾಲದಲ್ಲಿ ಸಹಕಾರಿ ಸಂಘಗಳು ಕೊಟ್ಟದ್ದು ನೂರಕ್ಕೆ ಸುಮಾರು 3. ಲೇವಾದೇವಿಯವರು ಕೊಟ್ಟದ್ದು ಸುಮಾರು 70. ಅರ್ಧ ಶತಮಾನ ಕಳೆದರೂ ಸಹಕಾರ ತತ್ವ ಸಾಹುಕಾರನ ಬಾಗಿಲನ್ನು ಅಲುಗಾಡಿಸಲಿಲ್ಲ.

ಸಂಘದ ಸಾಲಕ್ಕೂ ಜಾಮೀನು ಬೇಕು, ಪಹಣಿ ಬೇಕು. ಭೂಮಿ ಇಲ್ಲದವನು ಏನನ್ನು ಅಡ ಇಡಬೇಕು? ಮೈಯನ್ನು ಇಟ್ಟ. ಇದೇ ಜೀತ. ಮದುವೆಗೋ, ಹೆಣ ಎತ್ತುವುದಕ್ಕೋ, ಹೊಟ್ಟೆಗೋ ತಂದ ಪುಡಿಗಾಸಿಗೆ ಅಪ್ಪ ದುಡಿದ, ಅಪ್ಪ ಸತ್ತ ಮೇಲೆ ಮಗ ದುಡಿದ. ಲೆಕ್ಕದ ಪುಸ್ತಕ ಧಣಿಯ ಕೈಯಲ್ಲಿ, ಹೆಬ್ಬೆಟ್ಟು ನಮ್ಮದು. ಈ ಸಾಲಗಾರ ಯಾವ ಹಾಸಿಗೆ ಮೀರಿ ಕಾಲು ಚಾಚಿದ್ದ? 1975ರ ಅಕ್ಟೋಬರ್ 25ರಂದು ಸುಗ್ರೀವಾಜ್ಞೆಯ ಮೂಲಕ ಜೀತ ರದ್ದಾಯಿತು, 1976ರಲ್ಲಿ ಅದು ಕಾಯ್ದೆಯಾಯಿತು. ದೇವರಾಜ ಅರಸು ಸರ್ಕಾರ ಅದೇ 1976ರಲ್ಲಿ ಸಣ್ಣ ರೈತರ, ಭೂಹೀನ ಕೂಲಿಗಳ, ದುರ್ಬಲರ ಖಾಸಗಿ ಸಾಲವನ್ನು ಅಳಿಸುವ ಋಣ ಪರಿಹಾರ ಕಾಯ್ದೆ ತಂದಿತು. ದಲಿತರಿಗೆ ಮಂಜೂರಾದ ಭೂಮಿ ಸಾಲಕ್ಕೆ, ಮೋಸಕ್ಕೆ ಪರಭಾರೆ ಆಗುತ್ತಿದ್ದುದನ್ನು ತಡೆಯಲು 1978ರ ಪಿಟಿಸಿಎಲ್ ಕಾಯ್ದೆ ಬಂತು. ಇವು ಯಾರದೋ ಔದಾರ್ಯ ಅಲ್ಲ. ಸಾಲದ ಪತ್ರ ಅನ್ನುವುದು ಜಾತಿಯ ಪತ್ರವೂ ಆಗಿತ್ತು ಅಂತ ಕಾನೂನೇ ಒಪ್ಪಿಕೊಂಡ ದಾಖಲೆಗಳು.

ಇದಕ್ಕೆ ಮುಂಚೆ, 1969ರ ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣ ಆಗಿತ್ತು. ಅದರಲ್ಲಿ ನಮ್ಮ ಕರಾವಳಿಯಲ್ಲಿ ಹುಟ್ಟಿದ ಕೆನರಾ, ಸಿಂಡಿಕೇಟ್ ಬ್ಯಾಂಕುಗಳೂ ಇದ್ದವು. 1972ರಲ್ಲಿ ಕಡುಬಡವರಿಗೆ ನೂರಕ್ಕೆ 4ರ ಬಡ್ಡಿಯ ಸಾಲ ಬಂತು. ಎಂಬತ್ತರ ದಶಕದಲ್ಲಿ ಕೇಂದ್ರ ಮಂತ್ರಿ ಜನಾರ್ದನ ಪೂಜಾರಿಯವರ ಸಾಲ ಮೇಳಗಳು ನಡೆದವು. ಬ್ಯಾಂಕಿನ ಮೆಟ್ಟಿಲನ್ನೇ ಹತ್ತದ ಜನ ಮೈದಾನದಲ್ಲಿ ನಿಂತು ಸಾಲ ಪಡೆದರು. ಆಗಲೂ ಪತ್ರಿಕೆಗಳಲ್ಲಿ ಗೊಣಗಾಟ ಎದ್ದಿತು. ಬಡವರು ಸಾಲ ತೀರಿಸುವುದಿಲ್ಲ, ಬ್ಯಾಂಕು ಮುಳುಗುತ್ತದೆ ಅಂತ. ದೊಡ್ಡ ಉದ್ಯಮಿಗಳ ಕೋಟಿಗಟ್ಟಲೆ ಸುಸ್ತಿ ಸಾಲಕ್ಕೆ ಮಾತ್ರ ಆ ಗಾದೆ ಅನ್ವಯಿಸಲಿಲ್ಲ. ಅವರ ಹಾಸಿಗೆಯನ್ನು ಯಾರೂ ಅಳೆಯಲಿಲ್ಲ.

ನಮ್ಮಂಥದ್ದೇ ಕಥೆ ಅಮೆರಿಕದ ಕಪ್ಪು ಜನರದು. 1972ರಲ್ಲಿ ಮುಂಬಯಿಯ ದಲಿತ ಯುವಕರು ಪ್ಯಾಂಥರ್ ಅನ್ನುವ ಹೆಸರನ್ನು ಅವರಿಂದಲೇ ತಂದರು. ಅಲ್ಲಿ 1930ರ ದಶಕದಲ್ಲಿ ಸರ್ಕಾರಿ ಸಂಸ್ಥೆಗಳೇ ನಗರಗಳ ನಕಾಶೆ ಬರೆದು ಕಪ್ಪು ಜನರ ಕೇರಿಗಳಿಗೆ ಕೆಂಪು ಬಣ್ಣ ಬಳಿದವು. ಕೆಂಪು ಬಿದ್ದಲ್ಲಿ ಮನೆ ಸಾಲ ಸಿಗುವುದು ದುಸ್ತರ. ಹಾಗಾಗಿ ಷಿಕಾಗೋದಲ್ಲಿ ಅವರು ಕರಾರಿನ ಮೇಲೆ ದುಬಾರಿ ಬೆಲೆಗೆ ಮನೆ ಕೊಂಡರು. ಕೊನೆಯ ಕಂತಿನವರೆಗೆ ಕ್ರಯಪತ್ರ ಮಾರಿದವನ ಬಳಿಯೇ. ಒಂದು ಕಂತು ತಪ್ಪಿದರೂ ಮನೆ ಹೋಯಿತು, ಕಟ್ಟಿದ ದುಡ್ಡೂ ಹೋಯಿತು. 1968ರಲ್ಲಿ ಅಲ್ಲಿನ ಜನ ಸಂಘ ಕಟ್ಟಿ, ಕಂತು ಕಟ್ಟುವುದಿಲ್ಲ ಅಂತ ಮುಷ್ಕರ ಹೂಡಿದರು. ಅದೇ ವರ್ಷ ವಸತಿಯಲ್ಲಿ ತಾರತಮ್ಯ ಮಾಡಬಾರದೆಂಬ ಕಾನೂನು ಬಂತು. ನಲವತ್ತು ವರ್ಷದ ಮೇಲೆ ಆಟ ತಿರುವುಮುರುವಾಯಿತು. ಸಾಲವನ್ನೇ ಕೊಡದಿದ್ದವರು ಅದೇ ಕೇರಿಗಳಿಗೆ ಹುಡುಕಿಕೊಂಡು ಹೋಗಿ ಹೆಚ್ಚು ಬಡ್ಡಿಯ ಸಾಲ ಕೊಟ್ಟರು. 2008ರ ಕುಸಿತದಲ್ಲಿ ಲಕ್ಷಾಂತರ ಕುಟುಂಬಗಳು ಮನೆ ಕಳೆದುಕೊಂಡವು. ಸಾಲ ಕೊಡದಿರುವುದು ಒಂದು ಶೋಷಣೆ, ಸಿಕ್ಕಾಪಟ್ಟೆ ಕೊಡುವುದು ಇನ್ನೊಂದು.

ಈ ಎರಡನೆಯದು ಈಗ ನಮ್ಮ ಹಟ್ಟಿಗೂ ಬಂದಿದೆ. ಹಿಂದೆ ನಾವು ಧಣಿಯ ಜಗಲಿಗೆ ಹೋಗುತ್ತಿದ್ದೆವು. ಈಗ ಫೈನಾನ್ಸಿನವನು ನಮ್ಮ ಜಗಲಿಗೆ ಬರುತ್ತಾನೆ. ಹೆಂಗಸರ ಗುಂಪು ಮಾಡಿ, ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು ಅಂತಾನೆ. ಜಾಮೀನಾಗಿ ಭೂಮಿ ಬೇಡ, ಅಕ್ಕಪಕ್ಕದವರ ಮುಂದಿನ ಮಾನ ಸಾಕು. 2010ರಲ್ಲಿ ಆಂಧ್ರ ಇದರ ವಿರುದ್ಧ ಸುಗ್ರೀವಾಜ್ಞೆ ತರಬೇಕಾಯಿತು. 2025ರ ಫೆಬ್ರವರಿಯಲ್ಲಿ ಕರ್ನಾಟಕವೂ ತಂದಿತು. ವಸೂಲಿಗೆ ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಊರು ಬಿಟ್ಟು ಓಡಿದವರ, ಮನೆಗೆ ಬೀಗ ಬಿದ್ದವರ ಸಂಕಟ ಈ ಕಾನೂನಿನ ಹಿಂದಿದೆ.

ಹಾಗಾದರೆ ನಾವು ನಮ್ಮ ಜನಕ್ಕೆ ಏನು ಹೇಳಬೇಕು? ಗಾದೆ ಹೇಳಿ ಮನೆಗೆ ಕಳಿಸುವುದು ಬೇಡ, ಲೆಕ್ಕ ಹೇಳಿಕೊಡೋಣ. ಹಳೇ ಆಟೋಗೆ 1 ಲಕ್ಷ ಸಾಲ, 'ನೂರಕ್ಕೆ ಹತ್ತೇ ಬಡ್ಡಿ, ಮೂರು ವರ್ಷ' ಅಂತಾನೆ ಏಜೆಂಟ್. ಬಡ್ಡಿ 30,000, ತಿಂಗಳ ಕಂತು 3,611. ಆದರೆ ಅಸಲು ತಿಂಗಳು ತಿಂಗಳೂ ಕರಗುತ್ತಿದ್ದರೂ ಬಡ್ಡಿಯನ್ನು ಪೂರ್ತಿ ಲಕ್ಷದ ಮೇಲೇ ಹಾಕಿದ್ದಾನೆ. ನಿಜವಾದ ಬಡ್ಡಿ ವರ್ಷಕ್ಕೆ ಸುಮಾರು 18. ಊರ ಸಾಹುಕಾರ 'ಮೂರು ರೂಪಾಯಿ ಬಡ್ಡಿ' ಅಂದರೆ ಅದು ತಿಂಗಳಿಗೆ, ವರ್ಷಕ್ಕೆ 36. ಬ್ಯಾಂಕಿನಲ್ಲಿ 10 ಲಕ್ಷದ ಮನೆ ಸಾಲವನ್ನು ನೂರಕ್ಕೆ 9ರ ಬಡ್ಡಿಗೆ 20 ವರ್ಷ ತೀರಿಸಿದರೆ ಕಟ್ಟುವುದು ಒಟ್ಟು 21 ಲಕ್ಷ 59 ಸಾವಿರ. ಹಳ್ಳಿಯ ಮೇಷ್ಟ್ರು ಏಳನೇ ಕ್ಲಾಸಿನ ಬಡ್ಡಿ ಲೆಕ್ಕವನ್ನು ಈ ಅಂಕಿಗಳಲ್ಲಿ ಹೇಳಿಕೊಟ್ಟರೆ ಅದೂ ಒಂದು ಹೋರಾಟವೇ.

ಲೆಕ್ಕದ ಜೊತೆಗೆ ಮೂರು ಪ್ರಶ್ನೆ. ಈ ಸಾಲ ದುಡಿಮೆ ತರುತ್ತದೋ, ಇರುವ ದುಡಿಮೆಯನ್ನು ತಿನ್ನುತ್ತದೋ? ಕಂತು ತಪ್ಪಿದರೆ ಹೋಗುವುದು ಬರೀ ಗಾಡಿಯೋ, ಸೂರು ಮತ್ತು ಮಾನವೋ? ಪತ್ರ ಯಾರ ಹೆಸರಲ್ಲಿದೆ, ಅದನ್ನು ಓದಿ ಹೇಳಿದವರು ಯಾರು? ಬಾಡಿಗೆ ಹೊಡೆದು ಕಂತು ಕಟ್ಟಿ ಉಳಿಸುವ ಆಟೋ ಬೇರೆ. ಕೂಲಿಯ ದುಡ್ಡನ್ನೆಲ್ಲ ನುಂಗಿ ಬಾಗಿಲ ಮುಂದೆ ನಿಂತ ಕಾರು ಬೇರೆ. ಮಾನಕ್ಕೆ ತಂದ ಗಾಡಿಯನ್ನು ವಸೂಲಿಯವನು ಊರ ಮುಂದೆ ಎಳೆದುಕೊಂಡು ಹೋದರೆ ಕಟ್ಟೆಯ ಮೇಲಿನವರೇ ಗೆಲ್ಲುತ್ತಾರೆ.

ಇಷ್ಟು ನಮ್ಮ ಕೈಯಲ್ಲಿರುವುದು. ಉಳಿದದ್ದನ್ನು ಸರ್ಕಾರದಿಂದ ಕೇಳಿ ಪಡೆಯಬೇಕು. ಎಷ್ಟೋ ಕೇರಿ, ತಾಂಡಾಗಳ ಮನೆಗಳಿಗೆ ಇನ್ನೂ ಹಕ್ಕುಪತ್ರ ಇಲ್ಲ. ವಾಸಿಸುವವನೇ ಮನೆಯೊಡೆಯ ಎಂಬ ತಿದ್ದುಪಡಿ 2017ರಲ್ಲೇ ಜಾರಿಗೆ ಬಂದಿದೆ. ಪತ್ರ ಇಲ್ಲದವನಿಗೆ ಬ್ಯಾಂಕು ಬಾಗಿಲು ತೆರೆಯುವುದಿಲ್ಲ, ಅವನು ಮೂರು ರೂಪಾಯಿ ಬಡ್ಡಿಯವನ ಹತ್ತಿರವೇ ಹೋಗಬೇಕು. ಆದ್ದರಿಂದ ನಮ್ಮ ಗೆಳೆಯರು ತಮ್ಮ ಊರಿನ ಕೇರಿಯಲ್ಲಿ ಯಾವ ಯಾವ ಮನೆಗೆ ಹಕ್ಕುಪತ್ರ ಇಲ್ಲ ಅಂತ ಪಟ್ಟಿ ಮಾಡಲಿ, ತಾಲ್ಲೂಕು ಕಚೇರಿಯ ಮುಂದೆ ಆ ಪಟ್ಟಿ ಹಿಡಿದು ಕೂರಲಿ. ಮೊದಲು ಎಲ್ಲರಿಗೂ ಹಾಸಿಗೆ ಸಿಗಲಿ. ಕಾಲು ಎಷ್ಟು ಚಾಚಬೇಕು ಅನ್ನುವುದನ್ನು ಆಮೇಲೆ ನಾವೇ ತೀರ್ಮಾನ ಮಾಡುತ್ತೇವೆ.